ಒಂದು ಟ್ರಾನ್ಸಿಸ್ಟರ್, ಆರು ತೂತು: ಮನೆಯಲ್ಲೇ ಬೂಸ್ಟ್ ಪೆಡಲ್ ಕಟ್ಟಿದ್ದು

ಮೊನ್ನೆ ರವಿವಾರ ರಾತ್ರಿ ಹತ್ತೂವರೆಗೆ ಡಬ್ಬಿಯ ನಾಲ್ಕನೇ ಸ್ಕ್ರೂ ಬಿಗಿದೆ. ಆಷಾಢ ಮುಗಿಯುವ ವಾರದಲ್ಲಿ ಕೈ ಹಚ್ಚಿದ ಕೆಲಸ. ಒಂದು ಸಂಜೆಯಲ್ಲಿ ಮುಗಿದೀತು ಎಂದು ಕೂತದ್ದು ಐದು ವಾರ ಹಿಡಿಯಿತು. ಇದರಲ್ಲಿ ಸರ್ಕ್ಯೂಟಿಗೆ ಹೋದದ್ದು ಮೂರೇ ಸಂಜೆ. ಉಳಿದದ್ದೆಲ್ಲ ಸ್ವಿಚ್ಚು, ಡಬ್ಬಿ, ತೂತು, ತಂತಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಕೆಲಸವನ್ನು ಆ ಕಡೆಯಿಂದಲೇ ಶುರು ಮಾಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಧಾರವಾಡದ ಮಾಳಮಡ್ಡಿಯಲ್ಲಿ. ಹಗಲು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಹಬ್ಬ ಬಂತೆಂದರೆ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಹುಬ್ಬಳ್ಳಿಯ ಗಣೇಶೋತ್ಸವ ಹನ್ನೊಂದು ದಿನ ನಡೆಯುತ್ತದೆ, ನಮ್ಮಂಥವರಿಗೆ ಅದೇ ಸುಗ್ಗಿ. ರಸಮಂಜರಿ ಕಾರ್ಯಕ್ರಮದಲ್ಲಿ ಎರಡು ಕೀಬೋರ್ಡ್, ರಿದಂ ಪ್ಯಾಡ್, ಢೋಲಕ್, ಬೇಸ್ ಗಿಟಾರ್, ಜೊತೆಗೆ ಹಾಡುವವರು ನಾಲ್ವರು. ಹಾಡಿನ ನಡುವೆ ಗಿಟಾರಿಗೆಂದು ಬರುವ ಜಾಗ ಇಪ್ಪತ್ತು ಸೆಕೆಂಡಿನದು. ಆ ಇಪ್ಪತ್ತು ಸೆಕೆಂಡು ನನ್ನ ಸದ್ದು ಮೇಲೇಳಬೇಕು, ಮುಗಿದ ಕೂಡಲೇ ಕೆಳಗಿಳಿಯಬೇಕು. ಮಿಕ್ಸರ್ ಇರುವುದು ಜನರ ಹಿಂದೆ. ಅಲ್ಲಿ ಕೂತವರು ಹಾಡುವವರ ಮೈಕು ನೋಡಿಕೊಳ್ಳುವುದರಲ್ಲೇ ಇರುತ್ತಾರೆ. ಹೋದ ವರ್ಷ ಒಂದು ಪೆಂಡಾಲಿನಲ್ಲಿ ನಾನು ತಿಂಗಳು ಕಾಲ ಕಲಿತ ಸೋಲೋ ನುಡಿಸಿ ಕೆಳಗಿಳಿದಾಗ ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಬಂದು, “ಸರ್, ನಿಮ್ಮ ಕೈ ಆಡಾಕತ್ತಿದ್ದು ಕಾಣತಿತ್ತರೀ, ಕೇಳಸಲಿಲ್ಲ ಅಷ್ಟ” ಎಂದ. ಮನಸ್ಸಿಗೆ ಬಹಳ ಹತ್ತಿತು.

ಇದಕ್ಕೆ ಬೇಕಾದದ್ದು ಕ್ಲೀನ್ ಬೂಸ್ಟ್. ಸ್ವರದ ಬಣ್ಣ ಕೆಡಿಸದೆ, ಒಡಕು ಸೇರಿಸದೆ, ಸಿಗ್ನಲ್ಲನ್ನು ಮೂರು-ನಾಲ್ಕು ಪಟ್ಟು ಎತ್ತಿಕೊಡುವ, ಕಾಲಿನಿಂದ ಒತ್ತುವ ಡಬ್ಬಿ. ಕೊಳ್ಳಬಹುದಿತ್ತು. ಆದರೆ ಒಳಗೆ ಏನಿದೆ ಎಂದು ಹುಡುಕಿದಾಗ ಒಂದೇ ಟ್ರಾನ್ಸಿಸ್ಟರಿನ ನಕ್ಷೆ ಕಣ್ಣಿಗೆ ಬಿತ್ತು. ನ್ಯೂಯಾರ್ಕಿನಲ್ಲಿ 1968ರಲ್ಲಿ ಶುರುವಾದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಎಲ್‌ಪಿಬಿ-1, ಅಂದರೆ ಲಿನಿಯರ್ ಪವರ್ ಬೂಸ್ಟರ್. ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ವಾಲ್ಯೂಮ್. ಬಿಎಸ್ಸಿಯಲ್ಲಿ ಇದೇ ಕಾಮನ್ ಎಮಿಟರ್ ಆಂಪ್ಲಿಫೈಯರನ್ನು ಪರೀಕ್ಷೆಗೆಂದು ಬಿಡಿಸಿದ್ದೆ. ಅದು ಸದ್ದು ಮಾಡುವುದನ್ನು ಕೇಳಿರಲಿಲ್ಲ. ಕಟ್ಟಲೇಬೇಕು ಅನಿಸಿತು.

ನಕ್ಷೆಯ ಪ್ರಿಂಟ್ ಹಿಡಿದು ಶನಿವಾರ ಶಾಲೆ ಬಿಟ್ಟ ಮೇಲೆ ಜ್ಯುಬಿಲಿ ಸರ್ಕಲ್ಲಿನಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಕೊಪ್ಪಿಕರ್ ರಸ್ತೆಯ ಆಚೀಚೆಯ ಓಣಿಯಲ್ಲಿ ಒಂದು ಬಿಡಿಭಾಗದ ಅಂಗಡಿ. ಟಿವಿ ರಿಪೇರಿಯವರು, ಡಿಪ್ಲೊಮಾ ಹುಡುಗರು ಕೌಂಟರಿಗೆ ಮುಗಿಬಿದ್ದಿದ್ದರು. ನನ್ನ ಸರದಿ ಬರಲು ಮುಕ್ಕಾಲು ಗಂಟೆ. ಚೀಟಿ ನೋಡಿದ ಅಂಗಡಿಯವರು, “430 ಕೆ ಇಲ್ರೀ ಸರ್, 43 ಕೆನೂ ಇಲ್ಲ. 470, 47 ಅದಾವ, ನಡೀತಾವೇನ್ ನೋಡ್ರಿ” ಎಂದರು. ಕೆ ಅಂದರೆ ಸಾವಿರ ಓಮ್. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಈ ಎರಡು ರೆಸಿಸ್ಟರ್ ಮಾಡುವುದು 9 ವೋಲ್ಟನ್ನು ಪಾಲು ಮಾಡಿ ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ (ಬೇಸ್, ಕಲೆಕ್ಟರ್, ಎಮಿಟರ್) ಬೇಸಿಗೆ ಸ್ವಲ್ಪ ಕೊಡುವ ಕೆಲಸ. ಎರಡೂ ಜೋಡಿಯಲ್ಲಿ ಹತ್ತಕ್ಕೆ ಒಂದರ ಪ್ರಮಾಣವೇ ಇರುವುದರಿಂದ ಪಾಲೂ ಅಷ್ಟೇ ಬರುತ್ತದೆ, ಸುಮಾರು 0.82 ವೋಲ್ಟ್. ಧೈರ್ಯವಾಗಿ ತೊಗೊಂಡೆ. ನಿಮ್ಮ ಊರಿನ ಅಂಗಡಿಯಲ್ಲೂ ನಕ್ಷೆಯ ಬೆಲೆಯೇ ಸಿಗದಿದ್ದರೆ ಮರಳಿ ಬರಬೇಡಿ. ಯಾವುದು ಪ್ರಮಾಣಕ್ಕೆ ಮುಖ್ಯ, ಯಾವುದು ಅಳತೆಗೇ ಮುಖ್ಯ ಎಂದು ನೋಡಿಕೊಂಡು ಹತ್ತಿರದ್ದನ್ನು ಆರಿಸಿ.

ಟ್ರಾನ್ಸಿಸ್ಟರೂ ನಕ್ಷೆಯದು ಇರಲಿಲ್ಲ. ಎಲ್ಲ ಅಂಗಡಿಯಲ್ಲೂ ಸಿಗುವ ಬಿ.ಸಿ. 547 ಕೊಟ್ಟರು, ಮೂರು ರೂಪಾಯಿಗೆ ಒಂದು. ಐದು ತೊಗೊಂಡೆ. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕಿದ್ದರೆ ಅಂಗಡಿಯಲ್ಲಿ “ನೂರಾ ನಾಲ್ಕು” ಅಂದರೆ ಸಾಕು, ಅದರ ಮೇಲೆ 104 ಎಂದೇ ಬರೆದಿರುತ್ತದೆ. ಗಿಟಾರಿನ ದಪ್ಪ ಜ್ಯಾಕಿಗೆ ನಮ್ಮ ಕಡೆ ಪಿ-38 ಅನ್ನುತ್ತಾರೆ. ಆ ಹೆಸರು ಗೊತ್ತಿಲ್ಲದೆ ನಾನು ಕೈಯಲ್ಲಿ ಅಳತೆ ತೋರಿಸುತ್ತ ನಿಂತಿದ್ದೆ. ಎರಡು ಸಾಕೆಟ್ ಬೇಕು. ಗಿಟಾರ್ ಚುಚ್ಚುವ ಕಡೆಯದು ಸ್ಟೀರಿಯೋ ಇರಲಿ, ಯಾಕೆಂದು ಮುಂದೆ ಹೇಳುತ್ತೇನೆ.

“ಮತ್ತ ಕಾಲಿಲೆ ಒತ್ತೋ ಸ್ವಿಚ್? ಒಂಬತ್ತು ಪಿನ್ನಿಂದು?” ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. “ಅದು ಇಲ್ಲಿ ಯಾರ ಹತ್ರಾನೂ ಸಿಗಂಗಿಲ್ರೀ. ತರಿಸಬೇಕು.” ಮುಂದಿನ ಮೂರು ವಾರ ಈ ಒಂದು ಮಾತಿನಲ್ಲಿ ಕಳೆದವು.

ಮೊದಲು ಬೋರ್ಡಿನ ಕಥೆ ಮುಗಿಸುತ್ತೇನೆ. ಅಂದು ರಾತ್ರಿಯೇ 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿ ಕಾಯಿಸಿ ಡಾಟ್ ಬೋರ್ಡಿನ ಮೇಲೆ ಎಲ್ಲ ಕೂಡಿಸಿದೆ. ಪ್ಲಸ್ಸಿನಿಂದ ಬೇಸಿಗೆ 470 ಕೆ, ಬೇಸಿನಿಂದ ಗ್ರೌಂಡಿಗೆ (ಮೈನಸ್ ಕಡೆಗೆ) 47 ಕೆ, ಕಲೆಕ್ಟರಿಗೆ 10 ಕೆ, ಎಮಿಟರಿಗೆ 390 ಓಮ್. ಒಳಬರುವ ಕಡೆ ಒಂದು 104, ಹೊರಹೋಗುವ ಕಡೆ ಒಂದು 104, ಆಮೇಲೆ 100 ಕೆ ವಾಲ್ಯೂಮ್. ಪ್ಲಸ್ ತಂತಿಯ ದಾರಿಯಲ್ಲೇ, ಸಾಲಾಗಿ, ಒಂದು 1ಎನ್4007 ಡಯೋಡ್, ಅದರ ಹಿಂದೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಬ್ಯಾಟರಿ ಹಚ್ಚಿ, ಗಿಟಾರನ್ನು ಮೊಸಳೆ ಕ್ಲಿಪ್ಪಿನಿಂದ ಜೋಡಿಸಿ ತಂತಿ ಮೀಟಿದೆ. ಆಂಪ್ಲಿಫೈಯರಿನಿಂದ ಸುಯ್ ಎಂಬ ಸದ್ದು, ಅದರ ಹಿಂದೆ ಬಾವಿಯೊಳಗಿಂದ ಬಂದಂಥ ಸಣ್ಣ ಗಿಟಾರು. ಬೂಸ್ಟ್ ಇಲ್ಲದೆ ನುಡಿಸಿದರೇ ಇದಕ್ಕಿಂತ ಜೋರು ಬರುತ್ತಿತ್ತು.

ಹನ್ನೆರಡರವರೆಗೆ ಪ್ರತಿ ಬೆಸುಗೆಯನ್ನೂ ಮತ್ತೆ ಕರಗಿಸಿದೆ. ಹೆಂಡತಿ ಎದ್ದು ಬಂದು, “ನಾಳೆ ನೋಡಿದ್ರಾತು ಬಿಡ್ರಿ, ಹೊಗಿ ಮನಿ ತುಂಬೇತಿ” ಎಂದಳು. ಮಲಗಿದರೂ ಕಣ್ಣ ಮುಂದೆ ಆ ಬೋರ್ಡೇ. ಮರುದಿನ ಮಲ್ಟಿಮೀಟರ್ ಹಿಡಿದು ನೋಡಿದರೆ ಕಲೆಕ್ಟರ್ ಇರಬೇಕಾದ ಜಾಗದಲ್ಲಿ 8 ವೋಲ್ಟಿನ ಆಚೀಚೆ. ಸರಿಯಾಗಿ ಕೆಲಸ ಮಾಡುವ ಟ್ರಾನ್ಸಿಸ್ಟರಿನಲ್ಲಿ ಅದು ಬ್ಯಾಟರಿಯ ಅರ್ಧದ ಹತ್ತಿರ ಇರಬೇಕು, ಆಗಲೇ ಅಲೆಗೆ ಮೇಲೆ ಕೆಳಗೆ ಆಡಲು ಜಾಗ. ಸೋಮವಾರ ಅಂಗಡಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಹೇಳಿದರು: “ಮೀಟರಿನ್ಯಾಗ ಎಚ್‌ಎಫ್‌ಇ ಅಂತ ತೂತ ಅದಾವಲ್ರೀ, ಅದರಾಗ ಒಂದು ಹೊಸಾದು ಹಾಕಿ ನೋಡ್ರಿ, ಕಾಲು ತಿಳೀತಾವ.”

ಹಾಕಿ ನೋಡಿದೆ. ಎಚ್‌ಎಫ್‌ಇ ಅಂದರೆ ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಂಕಿ, ಕಾಲು ಸರಿಯಾಗಿ ಕೂತರೆ ದೊಡ್ಡದು ಬರುತ್ತದೆ. ಒಂದು ರೀತಿ ಇಟ್ಟರೆ ಮೀಟರ್ 290 ತೋರಿಸಿತು, ತಿರುಗಿಸಿ ಇಟ್ಟರೆ ಒಂದಂಕಿ. ನಾನು ಅನುಸರಿಸಿದ ಚಿತ್ರವನ್ನು 2ಎನ್3904 ಥರದ ಟ್ರಾನ್ಸಿಸ್ಟರಿಗೆ ಬರೆದಿದ್ದರು. ಅದರ ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇಟ್ಟರೆ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿ.ಸಿ. 547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ನಡುವಿನ ಕಾಲು ಎರಡಕ್ಕೂ ಒಂದೇ, ಹಾಗಾಗಿ ಕಿತ್ತು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಮುಗಿಯಿತು. ಹಳೆಯದನ್ನು ಬಿಟ್ಟು ಹೊಸದನ್ನೇ ಹಾಕಿದೆ. ಈ ಸಲ ಕಲೆಕ್ಟರ್ 5.1, ಬೇಸ್ 0.76, ಎಮಿಟರ್ 0.15. ತಂತಿ ಮೀಟಿದಾಗ ಕಿಟಕಿಯ ಗಾಜು ಜುಂ ಎಂದಿತು. ಮಗಳು ಒಳಗಿನಿಂದ ಓಡಿ ಬಂದಳು. ಆ ಸಂತೋಷ ಇನ್ನೂ ಮೈಯಲ್ಲಿದೆ. ದಯವಿಟ್ಟು ಬೆಸುಗೆ ಹಾಕುವ ಮೊದಲೇ ಟ್ರಾನ್ಸಿಸ್ಟರಿನ ಕಾಲು ಮೀಟರಿನಲ್ಲಿ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ, ನನ್ನ ಎರಡು ರಾತ್ರಿ ಉಳಿಯುತ್ತಿತ್ತು.

ಇನ್ನು ಸ್ವಿಚ್. ಇದಕ್ಕೆ 3ಪಿಡಿಟಿ ಎನ್ನುತ್ತಾರೆ, ಮೂರು ಸಾಲು ಮೂರು ಪಿನ್ನು. ಒತ್ತಿದರೆ ಸಿಗ್ನಲ್ ಸರ್ಕ್ಯೂಟಿನೊಳಗೆ ಹೋಗುತ್ತದೆ, ಮತ್ತೊಮ್ಮೆ ಒತ್ತಿದರೆ ಸರ್ಕ್ಯೂಟನ್ನು ಪೂರ್ತಿ ಬಿಟ್ಟು ನೇರ ಹೊರಗೆ. ಮೂರನೇ ಸಾಲು ದೀಪಕ್ಕೆ. ಆನ್‌ಲೈನಿನಲ್ಲಿ ತರಿಸಿದೆ. ಎಂಟನೇ ದಿನ ಬಂದ ಪೊಟ್ಟಣದಲ್ಲಿ ಆರು ಪಿನ್ನಿನ ಸ್ವಿಚ್ ಇತ್ತು. ಚಿತ್ರದಲ್ಲಿ ಒಂಬತ್ತು, ಕೈಯಲ್ಲಿ ಆರು. ದೂರು ಕೊಟ್ಟರೆ ಬಿಚ್ಚುವಾಗಿನ ವಿಡಿಯೋ ಕೇಳಿದರು, ನಾನು ಮಾಡಿರಲಿಲ್ಲ. ಬಿಲ್ಲು, ಪೊಟ್ಟಣದ ಮೇಲಿನ ಚೀಟಿ, ಪಿನ್ನು ಕಾಣುವ ಹಾಗೆ ಎರಡು ಫೋಟೋ ಕಳಿಸಿ, ಮೂರು ಸಲ ಮಾತಾಡಿದ ಮೇಲೆ ಹನ್ನೊಂದು ದಿನಕ್ಕೆ ದುಡ್ಡು ವಾಪಸ್ ಬಂತು. ಅಷ್ಟರಲ್ಲಿ ಶ್ರಾವಣ ಅರ್ಧ ಕಳೆದಿತ್ತು. ಹಿಂದಿನ ವರ್ಷದ ಆ ಹುಡುಗನ ಮಾತು ನೆನಪಾದಾಗೆಲ್ಲ ಕೊರಿಯರ್ ಎಲ್ಲಿದೆ ಎಂದು ಫೋನ್ ತೆಗೆದು ನೋಡುತ್ತಿದ್ದೆ. ದುಡ್ಡಿಗೆ ಕಾಯದೆ ಬೇರೆ ಕಡೆಯಿಂದ ಎರಡು ತರಿಸಿದ್ದೆ. ಪೊಟ್ಟಣ ಬಿಚ್ಚುವಾಗ ಈ ಸಲ ಮಗಳು ವಿಡಿಯೋ ಮಾಡಿದಳು.

ಎರಡು ತರಿಸಿದ್ದು ಒಳ್ಳೆಯದಾಯಿತು. ಮೊದಲನೆಯದರ ಒಂದು ಪಿನ್ನಿಗೆ ತಂತಿ ಹಿಡಿಯದೆ ಕಡ್ಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದೆ. ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ವಾಲಿತು, ಆಮೇಲೆ ಆ ಸಾಲು ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಎರಡನೆಯದಕ್ಕೆ ತಂತಿಯ ತುದಿಗೂ ಪಿನ್ನಿಗೂ ಮೊದಲೇ ಬೇರೆ ಬೇರೆಯಾಗಿ ಸೀಸ ಹಚ್ಚಿ, ಆಮೇಲೆ ಎರಡನ್ನೂ ತಾಗಿಸಿ ಎರಡು ಸೆಕೆಂಡಿನಲ್ಲಿ ಕಡ್ಡಿ ತೆಗೆದೆ. ಒಂದು ಪಿನ್ ಆದ ಮೇಲೆ ಅದರ ಪಕ್ಕದ್ದಕ್ಕೆ ಹೋಗದೆ ಆ ತುದಿಯದಕ್ಕೆ ಹೋದೆ, ಬಿಸಿ ಒಂದೇ ಕಡೆ ಸೇರಬಾರದೆಂದು. ಯಾವ ಪಿನ್ ಯಾವುದಕ್ಕೆ ಕೂಡುತ್ತದೆ ಎಂಬುದನ್ನು ಚಿತ್ರ ನಂಬಿ ಮಾಡಬೇಡಿ. ಮೀಟರನ್ನು ಬೀಪ್ ಮೇಲಿಟ್ಟು ಒತ್ತಿ ಒತ್ತಿ ನೋಡಿ. ಸ್ವಿಚ್ಚನ್ನು ಅಡ್ಡ ಹಿಡಿದರೆ ಸಾಲು ಬದಲಾಗಿಬಿಡುತ್ತದೆ.

ಡಬ್ಬಿಯ ವಿಷಯದಲ್ಲಿ ನಾನು ಮಾಡಿದ್ದು ತಪ್ಪು ಲೆಕ್ಕ. ಪಾತ್ರೆ ಅಂಗಡಿಯ ಸ್ಟೀಲ್ ಡಬ್ಬಿ 90 ರೂಪಾಯಿಗೆ ಸಿಗುವಾಗ ಅಲ್ಯೂಮಿನಿಯಂ ಡಬ್ಬಿಗೆ ನಾಲ್ಕು ನೂರು ಯಾಕೆ ಎಂದು ಸ್ಟೀಲ್ ತಂದೆ. ಮನೆಯ ಡ್ರಿಲ್ ಜಾರಿ ಮುಚ್ಚಳ ಒಳಗೆ ತಗ್ಗಾಯಿತು, 12 ಮಿಲಿಮೀಟರಿನ ತೂತು ಮಾಡಲು ಹೋದಾಗ ತಗಡು ಹರಿದು ಅಂಚು ಕತ್ತಿಯ ಹಾಗೆ ನಿಂತಿತು. ಹೆಬ್ಬೆರಳಿಗೆ ಕುಯ್ದು ನಾಲ್ಕು ದಿನ ಗಿಟಾರ್ ಮುಟ್ಟಲಾಗಲಿಲ್ಲ. ಕೊನೆಗೆ 112 ಮಿಲಿಮೀಟರ್ ಉದ್ದ, 60 ಅಗಲದ ಡೈ-ಕಾಸ್ಟ್ ಅಲ್ಯೂಮಿನಿಯಂ ಡಬ್ಬಿಯನ್ನೇ ತರಿಸಿದೆ. ಅದನ್ನು ಹಿಡಿದು ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೇಳಿದೆ. ಮಷಿನ್ ಮುಂದಿದ್ದವರು ಡಬ್ಬಿ ತಿರುಗಿಸಿ ನೋಡಿ, “ಇಷ್ಟ ಸಣ್ಣ ಕೆಲಸಕ್ಕ ಧಾರವಾಡದಿಂದ ಬಂದೀರಿ? ಕೂಡ್ರಿ, ಊಟದ ಹೊತ್ತಿನ್ಯಾಗ ಹೊಡದ ಕೊಡ್ತೀನಿ” ಎಂದರು. ಎರಡು ತಾಸು ಕೂತೆ. ಅವರು ಕೆಲಸ ಮಾಡಿದ ರೀತಿ ಮಾತ್ರ ನೋಡುವಂಥದು. ನಾನು ಅಂಟಿಸಿದ್ದ ಕಾಗದದ ಗುರುತಿನ ಮೇಲೆ ಪಂಚ್ ಹೊಡೆದು, ಮೊದಲು 3 ಮಿಲಿಮೀಟರ್ ಬಿಟ್, ಆಮೇಲೆ ದೊಡ್ಡದು, ಕೊನೆಗೆ ಅಂಚಿಗೆ ಅರ. ಆರು ತೂತು: ಸ್ವಿಚ್ಚಿಗೆ 12, ಅಡಾಪ್ಟರ್ ಸಾಕೆಟ್ಟಿಗೆ 12, ಜ್ಯಾಕುಗಳಿಗೆ ಹತ್ತತ್ತು, ವಾಲ್ಯೂಮಿಗೆ 7, ದೀಪಕ್ಕೆ 5. ನೂರು ರೂಪಾಯಿ ತೊಗೊಂಡರು.

ಗುರುತು ಮಾಡುವ ಮೊದಲು ಎಲ್ಲ ಸಾಮಾನನ್ನೂ ಡಬ್ಬಿಯೊಳಗೆ ಇಟ್ಟು ನೋಡಿ. ನನ್ನ ವಾಲ್ಯೂಮ್ ರೇಡಿಯೋಗೆ ಹಾಕುವ ದೊಡ್ಡದು, ಅದು ಜ್ಯಾಕಿಗೆ ಬಡಿಯುತ್ತಿತ್ತು. ಸಣ್ಣದಕ್ಕಾಗಿ ಮತ್ತೊಮ್ಮೆ ಕೊಪ್ಪಿಕರ್ ರಸ್ತೆ. ಬ್ಯಾಟರಿಗೂ ಜಾಗ ಬೇಕು ಎಂಬುದನ್ನು ಅಂತೂ ನೆನಪಿಟ್ಟಿದ್ದೆ.

ಸ್ಟೀರಿಯೋ ಜ್ಯಾಕಿನ ಮಾತು ಈಗ. ಬ್ಯಾಟರಿಯ ಮೈನಸ್ಸನ್ನು ನೇರ ಗ್ರೌಂಡಿಗೆ ಕೊಡದೆ ಒಳಬರುವ ಜ್ಯಾಕಿನ ನಡುವಿನ ಕಾಲಿಗೆ ಕೊಡಬೇಕು. ಗಿಟಾರಿನ ಮೋನೋ ಪಿನ್ ಚುಚ್ಚಿದಾಗ ಅದೇ ಆ ಕಾಲನ್ನೂ ಗ್ರೌಂಡನ್ನೂ ಕೂಡಿಸುತ್ತದೆ, ಕಿತ್ತರೆ ಬ್ಯಾಟರಿ ಬಂದ್. ಬೇರೆ ಸ್ವಿಚ್ಚೇ ಬೇಡ. ಸರ್ಕ್ಯೂಟ್ ಎಳೆಯುವುದು ಅರ್ಧ ಮಿಲಿಆಂಪಿಗಿಂತ ಕಡಿಮೆ. 4.7 ಕೆ ಹಾಕಿದ ಕೆಂಪು ದೀಪವೇ ಅದರ ಮೂರು ಪಟ್ಟಿಗಿಂತ ಹೆಚ್ಚು ತಿನ್ನುತ್ತದೆ. ಎರಡೂ ಸೇರಿ 2 ಮಿಲಿಆಂಪ್, ಅಂದರೆ ಒಂದು ಬ್ಯಾಟರಿ ನೂರು ತಾಸಿಗೂ ಮೀರಿ ಬರುತ್ತದೆ.

ಹಾಗಿದ್ದೂ ಅಡಾಪ್ಟರ್ ಹಾಕಿ ನೋಡುವ ಆಸೆ. ಮನೆಯಲ್ಲಿದ್ದ ಹಳೆಯ ರೂಟರಿನ 9 ವೋಲ್ಟ್ ಅಡಾಪ್ಟರ್ ಚುಚ್ಚಿದೆ. ದೀಪವೂ ಇಲ್ಲ, ಸದ್ದೂ ಇಲ್ಲ. ಎದೆ ಧಸಕ್ಕೆಂದಿತು. ಗಿಟಾರ್ ಪೆಡಲುಗಳಲ್ಲಿ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯ ಬಹುತೇಕ ಅಡಾಪ್ಟರುಗಳಲ್ಲಿ ಇದರ ಉಲ್ಟಾ. ಆ ಒಂದು ರೂಪಾಯಿಯ ಡಯೋಡ್ ಉಲ್ಟಾ ಕರೆಂಟನ್ನು ತಡೆದು ಎಲ್ಲವನ್ನೂ ಉಳಿಸಿತ್ತು. ಅದನ್ನು ಬಿಡಬೇಡಿ. ಗೆಳೆಯನಿಂದ ಪೆಡಲಿನದೇ ಅಡಾಪ್ಟರ್ ತಂದು ಹಾಕಿದಾಗ ಚೆನ್ನಾಗಿ ನಡೆಯಿತು. ಆದರೂ ಪೆಂಡಾಲಿನಲ್ಲಿ ಲೈಟಿನ ಸರಕ್ಕೂ ನಮಗೂ ಒಂದೇ ಲೈನಿನಿಂದ ಕರೆಂಟ್ ಬರುವಾಗ ನಾನು ಬ್ಯಾಟರಿಯನ್ನೇ ನಂಬುತ್ತೇನೆ.

ಸ್ವಿಚ್ ಒತ್ತಿದಾಗ ಪಟ್ ಎಂಬ ಸದ್ದು ಬರುತ್ತಿತ್ತು. ಒಳಬರುವ ಕಡೆಗೂ ಹೊರಹೋಗುವ ಕಡೆಗೂ ಗ್ರೌಂಡಿಗೆ 1 ಮೆಗಾಓಮ್ ಒಂದೊಂದು ಹಾಕಿದ ಮೇಲೆ ಬಹುಪಾಲು ಹೋಯಿತು.

ಎಲ್ಲ ಮುಗಿಯಿತೆಂದು ಡಬ್ಬಿ ಮುಚ್ಚಿ ಕೇಶ್ವಾಪುರದಲ್ಲಿ ನಡೆಯುವ ನಮ್ಮ ಪ್ರಾಕ್ಟೀಸಿಗೆ ಒಯ್ದೆ. ಸದ್ದು ಎದ್ದಿತು, ಎಲ್ಲರೂ ತಿರುಗಿ ನೋಡಿದರು. ಆದರೆ ಜೋರಾಗಿ ಮೀಟಿದಾಗ ಸ್ವರದ ಅಂಚು ಒಡೆಯುತ್ತಿತ್ತು. ವಾಲ್ಯೂಮ್ ಇಳಿಸಿದರೂ ಒಡಕು ಹೋಗಲಿಲ್ಲ. ಒಡೆಯುತ್ತಿರುವುದು ಆಂಪ್ಲಿಫೈಯರ್ ಅಲ್ಲ, ನನ್ನ ಟ್ರಾನ್ಸಿಸ್ಟರೇ ಎಂದು ಆಗ ತಿಳಿಯಿತು. ಮನೆಗೆ ಬಂದು ಲೆಕ್ಕಕ್ಕೆ ಕೂತೆ. 10 ಕೆ ಮತ್ತು 390 ಓಮ್ ಇರುವಲ್ಲಿ ಸಿಗ್ನಲ್ ಸುಮಾರು 20 ಪಟ್ಟು ಹಿಗ್ಗುತ್ತದೆ. ನನ್ನ ಗಿಟಾರಿನ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) 0.2 ವೋಲ್ಟಿನ ಅಲೆ ಕೊಟ್ಟರೆ ಅದು 4 ವೋಲ್ಟ್ ಆಗಬೇಕು. ಕಲೆಕ್ಟರ್ ನಿಂತಿರುವುದು 5ರಲ್ಲಿ, ಮೇಲಿನ ಗೋಡೆ 9ರಲ್ಲಿ. ಗಟ್ಟಿಯಾಗಿ ಮೀಟಿದರೆ ಅಲೆಯ ತಲೆ ಗೋಡೆಗೆ ಬಡಿಯುತ್ತದೆ. ವಾಲ್ಯೂಮ್ ಇರುವುದು ಟ್ರಾನ್ಸಿಸ್ಟರಿನ ನಂತರ, ಒಡೆದದ್ದನ್ನು ಅದು ಸಣ್ಣದು ಮಾಡಬಲ್ಲದೇ ಹೊರತು ಕೂಡಿಸಲಾರದು. ಆಂಪ್ಲಿಫೈಯರನ್ನು ಒಡಕಿಗೆ ತಳ್ಳಲು ಈ 20 ಪಟ್ಟು ಬಹಳ ಚೆಂದ. ನನಗೆ ಬೇಕಿದ್ದದ್ದು ಅದಲ್ಲ.

ಎರಡೇ ರೆಸಿಸ್ಟರ್ ಬದಲಿಸಿದೆ. ಎಮಿಟರಿನ 390 ಓಮ್ ತೆಗೆದು 2.2 ಕೆ, ಬೇಸಿನಿಂದ ಗ್ರೌಂಡಿಗಿದ್ದ 47 ಕೆ ತೆಗೆದು 100 ಕೆ. ಎಮಿಟರಿನದು ದೊಡ್ಡದಾದರೆ ಹಿಗ್ಗುವುದು 4 ಪಟ್ಟಿಗೆ ಇಳಿಯುತ್ತದೆ, ಡೆಸಿಬೆಲ್ ಲೆಕ್ಕದಲ್ಲಿ 12. ಬರೀ ಅದೊಂದನ್ನೇ ಬದಲಿಸಿದರೆ ಕರೆಂಟ್ ಕಡಿಮೆಯಾಗಿ ಕಲೆಕ್ಟರ್ ಮೇಲೇರಿಬಿಡುತ್ತದೆ, ಅದಕ್ಕೇ ಬೇಸಿನ ಪಾಲನ್ನೂ ಏರಿಸಬೇಕು. ಅಳೆದಾಗ ಕಲೆಕ್ಟರ್ ಮತ್ತೆ 5.1ಕ್ಕೇ ಬಂದು ನಿಂತಿತು. ಕಾಗದದ ಮೇಲೆ ಬರೆದ ಅಂಕಿ ಮೀಟರಿನಲ್ಲಿ ಹಾಗೇ ಕಂಡಾಗ ಹದಿನೆಂಟು ವರ್ಷ ಗಣಿತ ಕಲಿಸಿದ ನನಗೇ ಮೈ ಜುಂ ಎಂದಿತು. ಇನ್ನೊಂದು ಲಾಭವೂ ಆಯಿತು. ಮೊದಲಿನ ಜೋಡಣೆ ಗಿಟಾರಿನ ಮೇಲೆ ಭಾರ ಹಾಕಿ ಮೇಲಿನ ಸ್ವರಗಳ ಹೊಳಪನ್ನು ತಿನ್ನುತ್ತಿತ್ತು, ಈಗ ಆ ಭಾರ ಅರ್ಧಕ್ಕಿಂತ ಕಡಿಮೆ. ಡಿಸ್ಟಾರ್ಷನ್ ಪೆಡಲ್ ಇರುವವರು ಬೂಸ್ಟನ್ನು ಅದರ ನಂತರ ಇಡಿ. ಮೊದಲು ಇಟ್ಟರೆ ಸದ್ದು ಏರದೆ ಒಡಕೇ ಹೆಚ್ಚುತ್ತದೆ.

ಖರ್ಚು ಕೇಳುವವರಿಗೆ: ಅಂಗಡಿಯ ಸಾಮಾನೆಲ್ಲ ಸೇರಿ 289 ರೂಪಾಯಿ, ಸ್ವಿಚ್ ಎರಡಕ್ಕೆ 320, ಕೊರಿಯರ್ 70, ಡೈ-ಕಾಸ್ಟ್ ಡಬ್ಬಿ 420, ಕೊರೆಸಿದ್ದು 100, ಹರಿದ ಸ್ಟೀಲ್ ಡಬ್ಬಿ 90. ಒಟ್ಟು 1,289. ಕಡ್ಡಿ, ಮೀಟರು ಮೊದಲೇ ಇದ್ದವು, ಬಸ್ಸಿನ ಚಾರ್ಜು ಬರೆದಿಟ್ಟಿಲ್ಲ.

ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ: ಎಮಿಟರ್ 0.86, ಬೇಸ್ 1.48, ಕಲೆಕ್ಟರ್ 5.1. ಎಂದಾದರೂ ಪೆಂಡಾಲಿನಲ್ಲಿ ಸದ್ದು ನಿಂತರೆ ಮೊದಲು ಇವನ್ನು ನೋಡಬೇಕು. ಚೌತಿಗೆ ಇನ್ನು ಒಂಬತ್ತು ದಿನ. ನಮ್ಮ ಬೇಸ್ ಗಿಟಾರಿನವನೂ ಒಂದು ಕಟ್ಟಿಕೊಡಿ ಎಂದು ಗಂಟುಬಿದ್ದಿದ್ದಾನೆ. ಬೋರ್ಡ್ ಆಮೇಲೆ, ಮೊದಲು ಸ್ವಿಚ್ಚು ಡಬ್ಬಿ ತರಿಸು ಎಂದು ಹೇಳಿದ್ದೇನೆ.